ಪೆಟ್ಟು ಹಾಕದ ಕೈ

ಕುಂಭಾಶಿಯಿಂದ ಸಾಲಿಗ್ರಾಮದವರೆಗೆ ಯಾರ ಮನೆಯ ಬಚ್ಚಲಲ್ಲಿ ಹಾವು ಕಂಡರೂ ಜನರಿಗೆ ದೇವರಿಗಿಂತ ಮೊದಲು ನೆನಪಾಗುತ್ತಿದ್ದದ್ದು ರವಿರಾಜನ ಫೋನ್ ನಂಬರು. ಮದುವೆಗೆ ಶಾಮಿಯಾನ ಹಾಕುವುದು, ಯಕ್ಷಗಾನದ ಆಟಕ್ಕೆ ಮೈಕ್ ಕಟ್ಟುವುದು ಅವನ ಹೊಟ್ಟೆಪಾಡು. ಹಾವು ಹಿಡಿದು ದೂರದ ಹಾಡಿಯ ಕಾಡಿಗೆ ಬಿಟ್ಟು ಬರುವುದು ಅವನ ಹುಚ್ಚು. ಆ ಹುಚ್ಚಿಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಹಾವಿಗೆ ಪೆಟ್ಟು ಹಾಕಿದವನಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ಅವನೇ ಹೇಳುತ್ತಿದ್ದ.

ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ಸಭೆ, ಎಲ್ಲಿ ಮೈಕ್ ಕಟ್ಟಲು ಹೋದರೂ ಕೊನೆಗೆ ಹತ್ತು ನಿಮಿಷ ಹಾವಿನ ಬಗ್ಗೆ ಮಾತಾಡಿಯೇ ಇಳಿಯುತ್ತಿದ್ದ. ಮೈಕು ಅವನದೇ ಆದ್ದರಿಂದ ನಿಲ್ಲಿಸುವವರು ಇರಲಿಲ್ಲ. "ನಾಗ ಕಂಡ್ರೆ ಕೈ ಮುಗಿತ್ರಿ, ಕನ್ನಡಿ ಹಾವ್ ಕಂಡ್ರೆ ದೊಣ್ಣಿ ಹುಡುಕ್ತ್ರಿ. ಎಂತಕ್ಕೆ? ಅದ್ರದ್ದೂ ಜೀವ ಅಲ್ದಾ?" ಎಂದು ಕೇಳಿ, ಉತ್ತರ ಬಾರದಿದ್ದಾಗ ಗೆದ್ದವನಂತೆ ಎಲ್ಲರ ಮುಖ ನೋಡುತ್ತಿದ್ದ. ಮಾತು ಸುಳ್ಳಲ್ಲ. ಹೇಳುವ ಧಾಟಿ ಮಾತ್ರ ಸ್ವಲ್ಪ ಮೈಮೇಲೆ ಬಂದು ಬೀಳುವಂಥದ್ದು.

ಎರಡು ವರ್ಷದ ಹಿಂದೆ ಆ ಧಾಟಿ ಪೂರ್ತಿಯಾಗಿ ಬಂದು ಬಿದ್ದದ್ದು ದೇವಪ್ಪನ ಮೇಲೆ. ದೇವಪ್ಪನ ಮನೆ ಕಡಲ ಕರೆಗೆ ಹೋಗುವ ದಾರಿಯ ಕೊನೆಯಲ್ಲಿ. ಅವನು ಸಣ್ಣ ದೋಣಿಯಲ್ಲಿ ಬಲೆ ಬೀಸಿ ಬದುಕುವವನು, ಹೆಂಡತಿಯ ಹೆಸರು ಬಾಗಿ, ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗುವವಳು. ಅವರ ಒಬ್ಬಳೇ ಮಗಳು ಧನ್ಯಶ್ರೀಗೆ ಕೊಳಕುಮಂಡಲ, ಅಂದರೆ ಈ ಕಡೆಯ ಕನ್ನಡಿ ಹಾವು, ಕಚ್ಚಿ, ಎರಡು ವಾರ ಆಸ್ಪತ್ರೆಯಲ್ಲಿದ್ದು, ಜೀವ ಉಳಿದರೂ ಎಡಗಾಲು ಮೊದಲಿನಂತೆ ಆಗಲಿಲ್ಲ. ಅದಾಗಿ ಒಂದು ತಿಂಗಳಿಗೆ ದೇವಪ್ಪ ಬಲೆಯ ರಾಶಿ ಎತ್ತುವಾಗ ಅಡಿಯಲ್ಲಿ ಇನ್ನೊಂದು ಕನ್ನಡಿ ಹಾವು ಕಂಡಿತು. ಕೈಯಲ್ಲಿದ್ದ ದೋಣಿಯ ಹುಟ್ಟಿನಿಂದ ಹೊಡೆದು ಜಜ್ಜಿಬಿಟ್ಟ. ಯಾರೋ ಫೋನ್ ಮಾಡಿದ್ದರಿಂದ ರವಿರಾಜ ಓಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಅವತ್ತು ರವಿರಾಜ ಬೈದದ್ದನ್ನು ಕೇಳಿದವರು ಇವತ್ತಿಗೂ ಮರೆತಿಲ್ಲ. "ಮನ್ಷ್ಯನಾ ನೀನ್? ಅದ್ ನಿಂಗ್ ಎಂತ ಮಾಡಿತ್? ಒಂದ್ ಫೋನ್ ಮಾಡೂಕೆ ನಿನ್ ಕೈಗ್ ಎಂತ ಆಯಿತ್?" ಎಂದು ಹತ್ತಿಪ್ಪತ್ತು ಜನರ ಎದುರು ಕೂಗಾಡಿದ. ದೇವಪ್ಪ ತಲೆ ಬಗ್ಗಿಸಿ ನಿಂತವನು ಮಗಳ ಕಾಲಿನ ವಿಷಯ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ರವಿರಾಜನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬೈದ. ರಿಕ್ಷಾ ಓಡಿಸುವ ಸುಧೀರ ಅದನ್ನೆಲ್ಲ ಮೊಬೈಲಿನಲ್ಲಿ ತೆಗೆದು ಊರಿನ ಗ್ರೂಪಿಗೆ ಹಾಕಿದ. ಅಲ್ಲಿಂದ ಮೇಲೆ ದೇವಪ್ಪನ ಹೆಸರಿನ ಹಿಂದೆ 'ಹಾವು ಕೊಂದ' ಎಂಬ ಎರಡು ಶಬ್ದ ಅಂಟಿಕೊಂಡವು. ರವಿರಾಜನಿಗೆ ಮುನ್ನೂರು ಜನ ಶಹಬ್ಬಾಸ್ ಹೇಳಿದರು.

ಇಷ್ಟು ಹಿಂದಿನ ಕತೆ.

ಈ ವರ್ಷ ಮಳೆ ಬಿಟ್ಟು ಎರಡು ವಾರ ಆಗಿತ್ತು. ರವಿರಾಜನ ಮಗಳು ಪ್ರಜ್ಞಾ ಬಾಳಂತನಕ್ಕೆ ಬಂದಿದ್ದಳು. ಮಗುವಿಗೆ ಇಪ್ಪತ್ತು ದಿನ. ಹೆಂಡತಿ ರಮಿತಾ ಬೆಳಿಗ್ಗೆಯೇ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿದ್ದಳು. ಹೋಗುವಾಗ, "ಹತ್ತ್ ಗಂಟಿಗೆ ಹಂಡಿ ಒಲಿಗೆ ಸೌದಿ ಹಾಕಿ, ನಾ ಬಂದ್ ಶಿಶೂಗೆ ಮೀಸ್ತೆ" ಎಂದು ಎರಡು ಸಲ ಹೇಳಿದ್ದಳು. ಒಂದು ಸಲ ಹೇಳಿದರೆ ಗಂಡನ ಕಿವಿಗೆ ಹೋಗುವುದಿಲ್ಲ ಎಂಬುದು ಅವಳ ಮೂವತ್ತು ವರ್ಷದ ಅನುಭವ.

ಹತ್ತಕ್ಕೆ ಸರಿಯಾಗಿ ರವಿರಾಜ ಬಚ್ಚಲಿಗೆ ಹೋದ. ಸೌದೆಗೆ ಕೈ ಹಾಕುವಾಗ ರಾಶಿಯ ಪಕ್ಕದಲ್ಲಿ ನಾಗರಹಾವು ಇತ್ತು. ಒಂದು ಮಾರು ಉದ್ದ, ಒಳ್ಳೆಯ ಬಣ್ಣ. ಬೇರೆಯವರ ಮನೆಯಾಗಿದ್ದರೆ "ಆಹಾ, ಎಂತ ಚಂದ ಇತ್ತ್ ಕಾಣಿ" ಎಂದು ವರ್ಣನೆ ಮಾಡುತ್ತಿದ್ದ. ಹಿಡಿಯುವ ಕೊಕ್ಕೆ, ಚೀಲ ಎರಡೂ ವ್ಯಾನಿನಲ್ಲಿದ್ದವು. ವ್ಯಾನು ಕೋಟದ ಕಲ್ಯಾಣ ಮಂಟಪದ ಎದುರು ನಿಂತಿತ್ತು.

ಹಾವು ಹೆಡೆಯನ್ನೂ ಎತ್ತಲಿಲ್ಲ. ಮನುಷ್ಯನ ಸದ್ದಿಗೆ ಗೋಡೆಯ ಬುಡ ಹಿಡಿದು ಬಚ್ಚಲಿನ ತೂಬಿನ ಕಡೆಗೆ ಹರಿಯಿತು. ತಲೆ ತೂಬಿನೊಳಗೆ ಹೊಕ್ಕಿತು, ಹಿಂದಿನಿಂದ ಎರಡು ಮೊಳ ಮೈಯೂ ಹೊಕ್ಕಿತು. ಇನ್ನು ಅರ್ಧ ನಿಮಿಷ ಸುಮ್ಮನಿದ್ದರೆ ಅದು ಹಿತ್ತಲಿನಲ್ಲಿ ಇರುತ್ತಿತ್ತು. ಇದನ್ನು ರವಿರಾಜನಿಗಿಂತ ಚೆನ್ನಾಗಿ ತಿಳಿದವನು ಸುತ್ತಿನ ಮೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ.

ಆದರೆ ಬಚ್ಚಲಿನ ಇನ್ನೊಂದು ಗೋಡೆಯ ಆಚೆ ಬದಿಗೆ ಮಗುವಿನ ತೊಟ್ಟಿಲಿತ್ತು. ಇವತ್ತು ಹೊರಗೆ ಹೋದದ್ದು ನಾಳೆ ಒಳಗೆ ಬಂದರೆ ಎಂಬ ಒಂದು ಯೋಚನೆ ಬಂತು ನೋಡಿ, ಇಪ್ಪತ್ತೆರಡು ವರ್ಷದ ಭಾಷಣ ಎಲ್ಲಿ ಹೋಯಿತೋ. ಅವನು ಬಗ್ಗಿ ಬಾಲ ಹಿಡಿದ. ಅದರಲ್ಲಿ ಕೈ ಪಳಗಿತ್ತಲ್ಲ, ಹಿಡಿತ ತಪ್ಪಲಿಲ್ಲ. ಹೊರಟಿದ್ದ ಹಾವನ್ನು ಹಿಂದಕ್ಕೆ ಎಳೆದ. ಎಳೆದು, ಸೌದೆಯಿಂದ ತಲೆಗೆ ಹೊಡೆದ. ಒಂದೇ ಪೆಟ್ಟು ಸಾಕಾಗಿತ್ತು. ಮೂರು ಹೊಡೆದ.

"ಅಪ್ಪಯ್ಯ, ಎಂತ ಶಬ್ದ ಅದ್?" ಒಳಗಿನಿಂದ ಪ್ರಜ್ಞಾ ಕೇಳಿದಳು.

"ಎಂತ ಇಲ್ಲೆ ಮಗಾ. ಸೌದಿ ಒಡ್ದದ್ದ್."

ಕೈಯಲ್ಲಿದ್ದ ಸೌದೆಯನ್ನು ಒಲೆಗೆ ತಳ್ಳಿ, ಹಾವಿನ ಎದುರು ಕುಕ್ಕರುಗಾಲಲ್ಲಿ ಕುಳಿತ. ಹೆದರಿಕೆ ಆಗಲೇ ಇಳಿದುಹೋಗಿತ್ತು. ಅದು ಇಳಿದ ಜಾಗದಲ್ಲಿ ನಾಚಿಕೆ ಬಂದು ಕೂತಿತು.

ನಾಗ ಸತ್ತರೆ ಬಿಸಾಡುವಂತಿಲ್ಲ, ಹುಗಿಯುವಂತಿಲ್ಲ. ಮನುಷ್ಯನಿಗೆ ಮಾಡಿದಂತೆ ಭಟ್ಟರನ್ನು ಕರೆಸಿ, ಚಿತೆ ಇಟ್ಟು, ಕ್ರಮಪ್ರಕಾರ ಸುಡಬೇಕು. ಈ ಸೀಮೆಯಲ್ಲಿ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಭಟ್ಟರಿಗೆ ತಿಳಿದರೆ ಊರಿಗೆ ತಿಳಿದಂತೆ. ರವಿರಾಜ ಹಾವನ್ನು ಸಿಮೆಂಟಿನ ಗೋಣಿಗೆ ಹಾಕಿ, ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಕಡಲ ಕಡೆಗೆ ಹೊರಟ. ಗಾಳಿ ಮರದ ತೋಪಿನಲ್ಲಿ ಯಾರೂ ಇಲ್ಲದ ಕಡೆ ತಾನೇ ಸುಟ್ಟು ಕೈಮುಗಿದು ಬಂದರಾಯಿತು ಎಂದುಕೊಂಡಿದ್ದ. ಹೋಗಿ ನೋಡಿದರೆ ಅವತ್ತು ರಂಪಣಿಯ ದೊಡ್ಡ ಬಲೆ ಎಳೆಯುವ ದಿನ, ತೋಪಿನ ತುಂಬ ಜನ. "ಹ್ವಾಯ್ ರವಿಯಣ್ಣ, ಗೋಣಿಯಗೆ ಎಂತ ಹಾವಾ?" ಎಂದು ಒಬ್ಬ ದೂರದಿಂದಲೇ ಕೂಗಿದ. ರವಿರಾಜ ನಕ್ಕಂತೆ ಮಾಡಿ ಸ್ಕೂಟರ್ ತಿರುಗಿಸಿದ.

ಬರುವ ದಾರಿಯಲ್ಲಿ ಬೇಲಿಗೆ ತಾಗಿ ಮುಂಡುಕದ ದೊಡ್ಡ ಪೊದೆ ಇತ್ತು. ಆಚೀಚೆ ನೋಡಿ, ಗೋಣಿಯನ್ನು ಅಲ್ಲಿ ಕೊಡವಿ, ಬರಿ ಗೋಣಿ ಮಡಚಿಕೊಂಡು ಮನೆಗೆ ಬಂದ. ಬೇಲಿಯ ಆಚೆ ಯಾರ ಮನೆ ಎಂದು ನೋಡಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆ ದಾರಿಯಲ್ಲಿ ಇದ್ದದ್ದು ಒಂದೇ ಮನೆ.

ಮಧ್ಯಾಹ್ನ ಮೂರಕ್ಕೆ ಸುಧೀರನ ಫೋನು ಬಂತು. "ರವಿಯಣ್ಣ, ಒಂಚೂರ್ ದೇವಪ್ಪಣ್ಣನ ಮನಿ ಹತ್ರ ಬನ್ನಿ. ನಾಗ ಸತ್ತ್ ಬಿದ್ದಿತ್ತ್. ಹ್ಯಾಂಗೆ ಸತ್ತದ್ದ್ ಅಂದ್ ನೀವೇ ಹೇಳ್ಕ್ ಅಂತ್ರ್ ಭಟ್ರ್."

ಹೋಗದೆ ಇರಲು ನೆಪ ಹುಡುಕಿದ. ಹಾವಿನ ವಿಷಯಕ್ಕೆ ಕರೆದಾಗ ಅವನು ಬರಲಿಲ್ಲ ಎಂದರೆ ಅದೇ ಒಂದು ಸುದ್ದಿಯಾಗುತ್ತಿತ್ತು. ಹೋದ.

ನಾಯಿಯೊಂದು ಹಾವನ್ನು ಪೊದೆಯಿಂದ ಎಳೆದು ತಂದು ಅಂಗಳದ ಬಾಯಿಗೆ ಬಿಟ್ಟಿತ್ತು. ಮೀನು ಮಾರಿ ಬಂದ ಬಾಗಿ ಮೊದಲು ಕಂಡಳು. ಸತ್ತ ನಾಗನನ್ನು ಮೊದಲು ಕಂಡವರಿಗೇ ಅದರ ಹೊಣೆ. ಸುಟ್ಟು ಮುಗಿಯುವವರೆಗೆ ಅವರು ಮನೆಯೊಳಗೆ ಕಾಲಿಡುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ಬಾಗಿ ಬರಿ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಬಿಸಿಲಿನಲ್ಲೇ ಕೂತಿದ್ದಳು. ಹದಿನೈದಿಪ್ಪತ್ತು ಜನ ಸೇರಿದ್ದರು. ದೇವಪ್ಪ ತೆಂಗಿನ ಮರಕ್ಕೆ ಒರಗಿ ನಿಂತಿದ್ದ.

"ಬಂದ್ರಾ ರವಿರಾಜರೇ," ಎಂದರು ಭಟ್ಟರು. "ತಾನಾಗಿ ಸತ್ತದ್ದಾರೆ ಸಣ್ಣಕ್ಕೆ ಮುಗಿಸೂಕಾತ್ತ್. ಯಾರಾರೂ ಕೊಂದದ್ದಾರೆ ಕೊಂದವ್ರೇ ಕೂತ್ಕಂಡ್, ಹೆಸ್ರ್ ಹೇಳಿ, ತಪ್ಪ್ ಒಪ್ಕಂಡ್ ಮಾಡ್ಕ್. ನೀವ್ ಒಂದ್ ಮಾತ್ ಹೇಳಿ, ನಿಮ್ ಮಾತ್ ಎಲ್ಲರಿಗೂ ಆತ್ತ್."

ರವಿರಾಜ ಬಗ್ಗಿ ನೋಡಿದ. ತಾನೇ ಜಜ್ಜಿದ ತಲೆಯನ್ನು ಪರೀಕ್ಷೆ ಮಾಡುವವನಂತೆ ನೋಡಿದ. ಗಾಡಿಯ ಅಡಿಗೆ ಬಿದ್ದದ್ದು ಎಂದುಬಿಡಬಹುದಿತ್ತು, ಎಲ್ಲರೂ ಅಲ್ಲಿಗೆ ಬಿಡುತ್ತಿದ್ದರು. ಆದರೆ ಹಾವಿನ ವಿಷಯದಲ್ಲಿ ಸುಳ್ಳು ಹೇಳಲು ಅವನ ನಾಲಿಗೆ ಹೊರಳಲಿಲ್ಲ. ಸುಳ್ಳು ಹೇಳಲಾಗದವನು ನಿಜವನ್ನಾದರೂ ಹೇಳಿದನೇ? ಅದನ್ನೂ ಹೇಳಲಿಲ್ಲ. ಅರ್ಧ ಹೇಳಿದ.

"ಪೆಟ್ಟ್ ಬಿದ್ದಿತ್ತ್. ಯಾರೋ ಹೊಡ್ದದ್ದೇ."

ಅಷ್ಟು ಸಾಕಾಯಿತು. ಇಪ್ಪತ್ತು ಮುಖಗಳೂ ಒಟ್ಟಿಗೇ ತೆಂಗಿನ ಮರದ ಕಡೆಗೆ ತಿರುಗಿದವು. "ಇನ್ನ್ ಯಾರ್ ಹೊಡಿತ್ರ್?" ಎಂದು ಒಬ್ಬರು ಗೊಣಗಿದರು. ಸುಧೀರ ಜೇಬಿನಿಂದ ಮೊಬೈಲ್ ತೆಗೆದ.

ಬಾಗಿ ಕೂತಲ್ಲಿಂದಲೇ ಎದ್ದು ನಿಂತಳು. "ಇವ್ರ್ ಬೆಳಿಗ್ಗೆಯಿಂದ ರಂಪಣಿಯಗೆ ಇದ್ದದ್ದ್! ಕೇಣಿ ಬೇಕಾರೆ! ಒಂದ್ಸಲ ಹೊಡ್ದವ ಅಂದೇಳಿ ಊರಗೆ ಸತ್ತ ಹಾವೆಲ್ಲ ನಮ್ಮ ಲೆಕ್ಕಕ್ಕಾ?"

"ನಾ ಹೊಡಿಲಿಲ್ಲೆ," ಎಂದ ದೇವಪ್ಪ. ಒಂದೇ ಸಲ ಹೇಳಿದ. ಯಾರೂ ನಂಬಲಿಲ್ಲ ಎಂಬುದು ಅವನಿಗೂ ತಿಳಿಯಿತು. "ನಮ್ಮ ಅಂಗ್ಳದಗೆ ಬಿದ್ದಿತ್ತ್, ನನ್ ಹೆಂಡ್ತಿ ಕಂಡದ್ದ್. ನಾನೇ ಕೂಕಂತೆ ಭಟ್ರೇ. ನನ್ ಹೆಸ್ರೇ ಹೇಳಿ. ಇವ್ಳ್ ಬೆಳಿಗ್ಗೆಯಿಂದ ಎಂತ ತಿನ್ಲಿಲ್ಲೆ, ಬೇಗ ಮುಗೀಲಿ," ಎಂದ.

ಮಾಡದ ತಪ್ಪನ್ನು ಒಬ್ಬ ಕಣ್ಣೆದುರೇ ಹೊತ್ತುಕೊಂಡ. ಹೊತ್ತುಕೊಳ್ಳುವುದನ್ನು ರವಿರಾಜ ನೋಡುತ್ತ ನಿಂತ. ಇಷ್ಟರ ಮಟ್ಟಿಗೆ ತಾನು ಹೇಡಿ ಎಂಬುದು ಐವತ್ತನಾಲ್ಕು ವರ್ಷ ಅವನಿಗೇ ಗೊತ್ತಿರಲಿಲ್ಲ.

ದೇವಪ್ಪ ಬಲೆಯ ಚಪ್ಪರದ ಪಡುಬದಿಗೆ ಕಡಲ ಹೊಯ್ಗೆಯ ಮೇಲೆ ಸೌದೆ, ತೆಂಗಿನ ಸಿಪ್ಪೆ ಒಟ್ಟಿದ. ಭಟ್ಟರು ತುಪ್ಪ, ಹಾಲು, ಗಂಧದ ಚಕ್ಕೆ ತರಿಸಿದರು. ಎಲ್ಲ ಆದ ಮೇಲೆ ಹಾವನ್ನು ಎತ್ತಿ ಚಿತೆಯ ಮೇಲೆ ಇಡಬೇಕು. ದೇವಪ್ಪ ಮುಂದೆ ಬಂದ. ಬಾಗಿ ತಡೆದಳು. ಅವಳು ರವಿರಾಜನ ಎದುರಿಗೆ ಬಂದು ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಕೈ ಮುಗಿದಳು.

"ರವಿಯಣ್ಣ, ನೀವ್ ಎತ್ತಿ ಇಡಿ. ಒಂದ್ ಹಾವಿಗೂ ಪೆಟ್ಟ್ ಹಾಕದ್ ಕೈ ನಿಮ್ದ್. ಅವ್ರ್ ಒಂದ್ಸಲ ತಪ್ಪ್ ಮಾಡಿದ್ದ್ ಹೌದ್. ನಿಮ್ ಕೈಯಗೆ ಹೋದ್ರೆ ನಾಗ ನಮ್ಮ ಹೆಣ್ಣಿಗೆ ಎಂತ ಮಾಡೂದಿಲ್ಲ."

ರವಿರಾಜ ಎರಡು ಹೆಜ್ಜೆ ಮುಂದೆ ಇಟ್ಟ. ಬಗ್ಗಿದ. ಕೈ ಚಾಚಿದ. ಹಾವಿನ ಮೈ ಮುಟ್ಟುವಷ್ಟರಲ್ಲಿ ಬೆಳಿಗ್ಗೆ ಅದೇ ಮೈ ಬೆರಳುಗಳ ನಡುವೆ ಮುಂದಕ್ಕೆ ಜಗ್ಗಿದ್ದು ನೆನಪಾಯಿತು. ಕೈ ಹಿಂದಕ್ಕೆ ತೆಗೆದುಕೊಂಡ.

"ಬಾಗಿ," ಎಂದ. "ಹೊಡ್ದದ್ದ್ ನಾನ್. ಬೆಳಿಗ್ಗೆ, ನಮ್ಮ ಬಚ್ಚಲಗೆ. ಇಲ್ಲಿ ತಂದ್ ಬಿಸಾಡಿದ್ದೂ ನಾನೇ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸುಧೀರ ನಕ್ಕುಬಿಟ್ಟ. "ದೇವಪ್ಪಣ್ಣನ್ನ ಬಚಾವ್ ಮಾಡೂಕೆ ಹೇಳೂದಾ ರವಿಯಣ್ಣ? ಎಷ್ಟ್ ದೊಡ್ ಮನ್ಸ್ ಮಾರಾಯ್ರೇ ನಿಮ್ದ್!" ಹೌದು ಹೌದು ಎಂದು ನಾಲ್ಕಾರು ಜನ ತಲೆಯಾಡಿಸಿದರು. ಭಟ್ಟರೂ ಮೆಚ್ಚಿಗೆಯಿಂದ ನೋಡಿದರು. ಕಳ್ಳತನ ಒಪ್ಪಿಕೊಂಡರೆ ಶಾಲು ಹೊದಿಸಲು ಹೊರಟಿತ್ತು ಊರು.

"ನಿಜ ಮಾರಾಯ್ರೆ! ಆಣಿ ಮಾಡ್ಕಾ?" ರವಿರಾಜ ಕೂಗಿದ. "ಮನಿಯಗೆ ಮಗಳ್ ಬಾಳಂತಿ, ಶಿಶು ಇತ್ತ್. ಕೊಕ್ಕಿ ವ್ಯಾನಗೆ ಇದ್ದಿತ್. ಹೆದ್ರಿಕಿ ಆಯ್ತ್, ಹೊಡ್ದೆ."

ಈಗ ನಂಬಿದರು. ನಂಬಿದ್ದೇ ತಡ, ಎಲ್ಲರ ಮುಖವೂ ಮೆತ್ತಗಾಯಿತು. "ಪಾಪ, ಬಾಳಂತಿ ಮನಿ." "ಶಿಶು ಇಪ್ಪಲ್ಲಿ ಯಾರಾರೂ ಹೊಡಿತ್ರ್." "ನೀವಾದ್ದಕ್ಕೆ ಇಷ್ಟಾರೂ ಹೇಳಿದ್ರಿ." ಸುಧೀರ ಮೊಬೈಲನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. "ಮಗುವನ್ನ ಕಾಪಾಡೂಕೆ ಮಾಡಿದ್ದಕ್ಕೆ ದೋಷ ಕಮ್ಮಿ," ಎಂದರು ಭಟ್ಟರು.

ಮನೆಯ ಬಾಗಿಲಲ್ಲಿ ಧನ್ಯಶ್ರೀ ದಾರಂದಕ್ಕೆ ಕೈ ಕೊಟ್ಟು, ಎಡಗಾಲನ್ನು ಸ್ವಲ್ಪ ಎತ್ತಿಕೊಂಡು ನಿಂತಿದ್ದಳು. ಅವಳ ಕಡೆಗೆ ಯಾರೂ ನೋಡಲಿಲ್ಲ. ರವಿರಾಜ ನೋಡಿದ. ಕಚ್ಚಿಸಿಕೊಂಡ ಮಗಳಿದ್ದ ಅಪ್ಪನಿಗೆ ಎರಡು ವರ್ಷದಲ್ಲಿ ಸಿಗದ ಕ್ಷಮೆ, ಕಚ್ಚಿಸಿಕೊಳ್ಳದ ಮೊಮ್ಮಗನ ಹೆಸರಿನಲ್ಲಿ ತನಗೆ ಅರ್ಧ ನಿಮಿಷದಲ್ಲಿ ಸಿಕ್ಕಿತ್ತು. ಸುಮ್ಮನೆ ತೆಗೆದುಕೊಂಡು ಮನೆಗೆ ಹೋಗಬಹುದಿತ್ತು. ಹೋಗಬೇಕು ಎಂದು ಕಾಲು ಹೇಳುತ್ತಲೂ ಇತ್ತು.

"ಇಲ್ಲೆ," ಎಂದ. "ಅದೂ ಪೂರ್ತಿ ನಿಜ ಅಲ್ಲ. ಶಿಶೂನ ಹತ್ರ ಅದ್ ಬರ್ಲೇ ಇಲ್ಲೆ. ಅದ್ ಹೊರ್ಗ್ ಹೋತಾ ಇದ್ದಿತ್. ಅರ್ಧ ಮೈ ತೂಬಿನ ಹೊರ್ಗ್ ಹೋಯಿದ್ದಿತ್. ನಾನ್ ಬಾಲ ಹಿಡ್ದ್ ಹಿಂದ್ಕ್ ಎಳ್ದ್ ಹೊಡ್ದೆ."

ಈ ಸಲ ಪಾಪ ಎಂದು ಯಾರೂ ಹೇಳಲಿಲ್ಲ. ಬಾಗಿ ಅವನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮುಖ ತಿರುಗಿಸಿಕೊಂಡಳು. ಭಟ್ಟರು ಗಂಟಲು ಸರಿ ಮಾಡಿಕೊಂಡು, "ಹಂಗಾರೆ ನೀವೇ ಎತ್ತಿ. ನೀವೇ ಕೂಕಣಿ," ಎಂದರು. ಅವರ ದನಿಯಲ್ಲಿ 'ರವಿರಾಜರೇ' ಇರಲಿಲ್ಲ.

ಅವನು ಅಂಗಿ ಬಿಚ್ಚಿ ಕೂತ. ಭಟ್ಟರು ಹೆಸರು ಕೇಳಿದಾಗ ಹೇಳಿದ. ತಪ್ಪಾಯಿತು ಎಂದು ಹೇಳಿಸಿದಾಗ ಮೂರು ಸಲ ಹೇಳಿದ. ಮೈಕಿಲ್ಲದೆ ಅವನ ದನಿ ಇಷ್ಟು ಸಣ್ಣದು ಎಂದು ಅಲ್ಲಿದ್ದವರಿಗೆ ಅವತ್ತೇ ಗೊತ್ತಾದದ್ದು. ಬೆಂಕಿ ಹತ್ತಿತು. ಬಿಸಿಲು ಇಳಿಯುವ ಮೊದಲೇ ಎಲ್ಲ ಮುಗಿಯಿತು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅವನ ಜೊತೆ ಮಾತಾಡಲು ಯಾರೂ ನಿಲ್ಲಲಿಲ್ಲ.

ಉಳಿದವನು ದೇವಪ್ಪ ಒಬ್ಬ. ಕೊಡಪಾನದಲ್ಲಿ ನೀರು ತಂದು ಬೂದಿಯ ಸುತ್ತ ಚಿಮುಕಿಸುತ್ತಿದ್ದ.

"ದೇವಪ್ಪ, ನಂಗೊಂದ್ ಬೈ ಮಾರಾಯ," ಎಂದ ರವಿರಾಜ. "ಅವತ್ ನಾ ಬೈದದ್ದಕ್ಕೆ ಎರಡರಷ್ಟ್ ಬೈ."

"ಎಂತಕ್ಕೆ?" ದೇವಪ್ಪ ಕೊಡಪಾನ ಕೆಳಗಿಟ್ಟ. "ಅವತ್ ನೀವ್ ಹೇಳಿದ್ದ್ ಸರಿಯೇ ಇದ್ದಿತ್. ಹೊಡಿಕಾಯಿರ್ಲಿಲ್ಲೆ ನಾನ್. ಎಲ್ಲರೆದ್ರ್ ಹೇಳಿದ್ದ್ ಬೇಜಾರಾಯ್ತ್, ಅಷ್ಟೇ."

ರವಿರಾಜ ಬಿಚ್ಚಿಟ್ಟ ಅಂಗಿಯನ್ನು ಎತ್ತಿ ಹೊಯ್ಗೆ ಕೊಡವಿದ.

"ಈ ಸಲ ಆಸಾಡಿ ಮಳಿಯಗೆ ಒಂದ್ ಕನ್ನಡಿ ಹಾವ್ ಮನಿಯೊಳ್ಗೇ ಬಂದಿದ್ದಿತ್," ಎಂದ ದೇವಪ್ಪ, ಬೂದಿ ನೋಡಿಕೊಂಡು. "ಮಟ ಮಧ್ಯಾಹ್ನ. ಧನ್ಯ ಚಾಪಿ ಮೇಲೆ ಮನ್ಕಂಡಿದ್ದಳ್. ನನ್ ಕೈಯಗೆ ಹುಟ್ಟ್ ಇದ್ದಿತ್. ಎತ್ತಿದೆ. ನಿಮ್ ಮಾತ್ ನೆನ್ಪಾಯ್ತ್. ಅದ್ರದ್ದೂ ಜೀವ ಅಲ್ದಾ ಅಂದ್ಕಂಡ್ ಹುಟ್ಟ್ ಕೆಳ್ಗ್ ಇಟ್ಟೆ. ಹೆಣ್ಣನ್ನ ಎತ್ಕಂಡ್ ಗೋಡಿಗೆ ತಾಗಿ ನಿಂತೆ. ಅರ್ಧ ಗಂಟಿ ಬೇಕಾಯ್ತ್ ಅದಕ್ಕೆ ಬಾಗ್ಲ್ ದಾಟೂಕೆ."

"ನಂಗೊಂದ್ ಫೋನ್ ಮಾಡೂದಲ್ದಾ?"

"ನಾಚ್ಕಿ ಆಯ್ತ್ ರವಿಯಣ್ಣ. ಹಾವ್ ಕೊಂದವ ಅಂದ್ಕಂಡ್ ಇದ್ರಿ ನೀವ್."

ರವಿರಾಜನ ಕಣ್ಣು ಉರಿಯಿತು. ಹೊಗೆ ಎಂದೋ ಆರಿತ್ತು. "ಹೋದ್ದ್ ಮತ್ತೆ ಬತ್ತ್ ಅಂದ್ ನಿಂಗೆ ಹೆದ್ರಿಕಿ ಆಯ್ಲಿಲ್ಯಾ?" ಎಂದು ಕೇಳಿದ. ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು ಅವನಿಗೆ.

"ಆಯ್ತ್. ಈಗ್ಳೂ ಆತ್ತ್," ಎಂದ ದೇವಪ್ಪ. ಚುಚ್ಚಬೇಕು ಎಂಬುದು ಅವನ ದನಿಯಲ್ಲಿ ಸ್ವಲ್ಪವೂ ಇರಲಿಲ್ಲ. "ಆದ್ರೆ ಹೋತಾ ಇಪ್ಪದ್ದಕ್ಕೆ ಹ್ಯಾಂಗೆ ಹೊಡಿಯೂದ್?"

ಕೊಡಪಾನ ಎತ್ತಿಕೊಂಡು ಅವನು ಮನೆಯ ಕಡೆಗೆ ನಡೆದ. ರವಿರಾಜನಿಗೆ ಅವನ ಬೆನ್ನನ್ನು ಕೂಡ ನೇರವಾಗಿ ನೋಡಲಾಗಲಿಲ್ಲ.